ದೊರೆಯ ದನಿ

ತಿರುಗಿದರಲ್ಲ, ಎಲ್ಲರೂ ಒಟ್ಟಿಗೆ ತಿರುಗಿದರಲ್ಲ, ಗೊರಕೆ ಹೊಡೆಯುತ್ತಿದ್ದ ದಪ್ಪನೆಯ ಹೆಂಗಸು, ಪೇಪರಿನ ಹಿಂದೆ ಅಡಗಿದ್ದ ಬೋಳುತಲೆ, ನೆಲ ಒರೆಸುತ್ತಿದ್ದವಳು ಕೂಡ ಕೋಲನ್ನು ಹಾಗೇ ಹಿಡಿದುಕೊಂಡು — ಕೇಳಿದಿರಾ ಸ್ವಾಮಿ, ಓದುತ್ತಿರುವವರೇ, ನಿಮಗೇ ಹೇಳುತ್ತಿರುವುದು, ಕುರ್ಚಿಯ ಮೇಲೆ ನಿಂತು ಬಾಗಿಲು ನಿಂದಿರಬಹುದು ಕಣೋ, ಬೀಗ ನಂದು ಅಂತ ಈಗಷ್ಟೇ ಗುಡುಗಿದನಲ್ಲ ಆ ನಾಲ್ಕು ವರ್ಷದ ಪೋರ, ಆ ದನಿಗೆ ನಿರ್ಮಾಪಕ ನಾನು, ನಿರ್ದೇಶಕ ನಾನು, ಕಥೆ ಚಿತ್ರಕಥೆ ಸಂಭಾಷಣೆ ಎಲ್ಲ ನಾನೇ. ಲೋಕದಲ್ಲಿ ಸೋದರಮಾವಂದಿರು ಬೇಕಾದಷ್ಟು ಜನ ಇದ್ದಾರೆ, ಬಲೂನು ಕೊಡಿಸುತ್ತಾರೆ, ಸೈಕಲ್ ಹಿಡಿದುಕೊಂಡು ಹಿಂದೆ ಓಡುತ್ತಾರೆ, ಅಷ್ಟೇ, ನಾನು ಅಕ್ಕನ ಮಗನಿಗೆ ಒಂದು ಗಂಟಲನ್ನೇ ಕೊಟ್ಟೆ, ದೊಡ್ಡ ದೊಡ್ಡ ಖಳನಾಯಕರು ವರ್ಷಗಟ್ಟಲೆ ಸಿಗರೇಟು ಸೇದಿ ಸಂಪಾದಿಸುವ ಗಂಟಲನ್ನು ಹಾಲು ಕುಡಿಯುವ ಬಾಯಿಗೆ ಕೂರಿಸಿದೆ, ಇನ್ನೊಬ್ಬ ಮಾಡಿದ್ದರೆ ಬಂದು ಎದುರು ನಿಲ್ಲಲಿ, ಇಂಟರ್‌ವಲ್‌ಗೆ ಮುಂಚೆಯೇ ಸೋತು ಮನೆಗೆ ಹೋಗುತ್ತಾನೆ. ಹೀಗೆ ಬೇರೆ ಯಾವ ಜಾಗದಲ್ಲಾದರೂ ಎದೆ ತಟ್ಟಿಕೊಳ್ಳುತ್ತಿದ್ದೆ. ಇದು ರಕ್ತಪರೀಕ್ಷೆಯ ಲ್ಯಾಬು, ಬೆಳಗಿನ ಹೊತ್ತು, ಗೋಡೆಗೆ ತೆಳು ಹಸಿರು ಬಣ್ಣ, ಕೆಂಪು ಅಕ್ಷರದ ಟೋಕನ್ ಬೋರ್ಡು ಒಂದೊಂದು ಸಲ ಟಿಂಗ್ ಅಂದಾಗಲೂ ನಮ್ಮ ನಂಬರೇನೋ ಅಂತ ತಲೆ ಎತ್ತುತ್ತೇನೆ, ಮತ್ತು ಅಕ್ಕ ನಗುತ್ತಿಲ್ಲ. ಸುಮ್ನೆ ಕೂತ್ಕೋ ದೊರೆ, ಗಂಟಲು ಹಾಳಾಗುತ್ತೆ ಅನ್ನುತ್ತಾಳೆ, ಹುಟ್ಟಿದಾಗಿನಿಂದ ಅಪ್ಪಣೆ ಕೊಡುವುದೇ ಕೆಲಸವಾದ್ದರಿಂದ ಮನೆಯಲ್ಲಿ ಎಲ್ಲರೂ ಅವನನ್ನು ದೊರೆ ಅನ್ನುವುದು, ಅವಳ ಕಣ್ಣ ಕೆಳಗೆ ಕಪ್ಪು, ಎಷ್ಟು ರಾತ್ರಿಗಳಿಂದ ನಿದ್ದೆಯಿಲ್ಲವೋ. ದೊರೆ ಕೂರುವುದಿಲ್ಲ, ಸುತ್ತ ನೋಡುತ್ತಾನೆ, ಮೂಲೆಯಲ್ಲಿ ಕೂತಿರುವ ನಾನು ಸಿಕ್ಕಿಬಿಡುತ್ತೇನೆ, ಎರಡೂ ತೋಳು ಮುಂದೆ ಚಾಚುತ್ತಾನೆ, ಅಂಗೈ ಮೇಲಕ್ಕೆ, ಬೆರಳು ಕುಣಿಯುತ್ತಿವೆ, ಮಾಮ, ಎತ್ಕೋ. ನಾನು ಫೋನು ನೋಡುತ್ತೇನೆ. ಫೋನಿನ ಪರದೆ ಆರಿಹೋಗಿದೆ, ಅದರಲ್ಲಿ ಕಾಣುತ್ತಿರುವುದು ನನ್ನ ಮೂತಿ.

ಅಕ್ಕನಿಗೆ ಅರ್ಥವಾಗದೆ ಇರುವುದು ಇದೇ, ಮನೆ ಬಿಟ್ಟಾಗಿನಿಂದ ನೋಡುತ್ತಿದ್ದಾಳೆ, ಈ ಸೆಖೆಯಲ್ಲಿ ತಮ್ಮ ಕುತ್ತಿಗೆಯವರೆಗೆ ಜಿಪ್ ಎಳೆದ ಜಾಕೆಟ್ ಹಾಕಿಕೊಂಡು ಮಗುವಿನಿಂದ ಮೂರು ಕುರ್ಚಿ ದೂರ ಕೂತಿದ್ದಾನೆ — ಏನೋ ನಿಂದು, ಜ್ವರಾನಾ? ಇಲ್ಲಕ್ಕ, ಸ್ಟೈಲು. ಅಳ್ತಿದಾನಲ್ಲೋ, ಎತ್ಕೊಳ್ಳೋ. ಸೊಂಟ ಹಿಡ್ಕೊಂಡಿದೆ ಅಕ್ಕ. ಈ ವಯಸ್ಸಿಗೇ ಸೊಂಟಾನಾ? ಸ್ಟುಡಿಯೋದಲ್ಲಿ ನಿಂತು ನಿಂತು. ಕಿರುಚೋಕೆ ಸೊಂಟ ಯಾಕೋ ಬೇಕು? — ಅವಳ ಬಾಯಿಗೆ ಎದುರಿಲ್ಲ, ನನ್ನ ಕೆಲಸವನ್ನು ಅವಳು ಹೇಳುವುದೇ ಹಾಗೆ, ತಮ್ಮ ಏನು ಮಾಡ್ತಾನೆ ಅಂದರೆ ಕಿರುಚ್ತಾನೆ. ಸುಳ್ಳೇನಲ್ಲ. ಡಬ್ಬಿಂಗ್ ಸ್ಟುಡಿಯೋದಲ್ಲಿ ಹೀರೋ ಮಾರ್ಕೆಟ್‌ನಲ್ಲಿ ಹೊಡೆದಾಡುವಾಗ ಅಯ್ಯಯ್ಯೋ ಅಂತ ಓಡುವ ಜನ ನಾನು, ಗುಡಿಸಲಿಗೆ ಬೆಂಕಿ ಬಿದ್ದರೆ ಬೆಂಕಿ ಬೆಂಕಿ ಅನ್ನುವವನು ನಾನು, ತರಕಾರಿಯವಳು, ನರ್ಸು, ಫೋನಿನಲ್ಲಿ ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಅನ್ನುವ ಹೆಂಗಸು, ಪರದೆ ಮೇಲೆ ನಲವತ್ತು ಜನ ಇದ್ದರೆ ಅದರಲ್ಲಿ ಹತ್ತು ಜನ ನಾನೇ. ಅಲ್ಲಿ ನನ್ನ ಹೆಸರೇ ಗುಂಪು, ಗುಂಪು ಬಂದನಾ, ಗುಂಪಿಗೆ ಒಂದು ಟೀ ಕೊಡ್ರೋ, ಗುಂಪು ಬಾತ್‌ರೂಮಿಗೆ ಹೋಗಿದೆ. ನನಗೆ ಇದ್ದ ಆಸೆ ಒಂದೇ, ಒಂದೇ ಒಂದು ಸಲ ಮೈಕಿನ ಮುಂದೆ ಒಬ್ಬನೇ ಕೂತು ಖಳನಾಯಕನಿಗೆ ದನಿ ಕೊಡಬೇಕು, ನಿಧಾನವಾಗಿ, ಕಿರುಚದೆ, ಥಿಯೇಟರಿನ ಕೊನೆಯ ಸಾಲಿನವನಿಗೂ ಬೆನ್ನುಮೂಳೆ ತಣ್ಣಗಾಗಬೇಕು. ಒಂದು ದಿನ ಬೇಡಿಕೊಂಡು ಕೂತೆ, ಬಾಗಿಲು ನಿಂದಿರಬಹುದು ಕಣೋ, ಬೀಗ ನಂದು ಅಂತ ಖಳನ ಸಾಲು ಓದಿದೆ, ಗಾಜಿನ ಆಚೆ ಸೌಂಡ್ ಇಂಜಿನಿಯರ್ ಅಣ್ಣ ತಲೆ ಮೇಜಿಗೆ ಒರಗಿಸಿಕೊಂಡು ನಗುತ್ತಿದ್ದ, ಹೆಡ್‌ಫೋನಿನೊಳಗೆ ಅವನ ನಗು ನೇರ ಮೆದುಳಿಗೇ ಬಂತು — ಲೋ ಗುಂಪು, ನಿಂದು ಹಾಲು ಹಾಕೋ ಹುಡುಗನ ದನಿ ಕಣೋ, ಕೊಲೆ ಮಾಡ್ತೀನಿ ಅಂತ ನೀನಂದ್ರೆ ಎಷ್ಟು ಲೀಟರು ಅಂತ ಕೇಳ್ಬೇಕು ಅನ್ಸುತ್ತೆ. ನಾನೂ ನಕ್ಕೆ, ನಾನು ಎಲ್ಲದಕ್ಕೂ ನಗುತ್ತೇನೆ, ಆಮೇಲೆ ಜಿಮ್ಮಿಗೆ ಹೋಗಿ ಗೆಳೆಯನಿಗೆ ಹೇಳಿದೆ, ನಗಲಿಲ್ಲ ಅವನು, ಬ್ಯಾಗಿನಿಂದ ಒಂದು ಜೆಲ್ಲಿನ ಟ್ಯೂಬು ತೆಗೆದ.

ಟಿಂಗ್. ನಮ್ಮದಲ್ಲ, ಬೋಳುತಲೆಯದು. ಟೆಸ್ಟೋಸ್ಟೆರಾನ್ ಗುರು, ಗಂಡಸಿನ ಪೆಟ್ರೋಲು, ದಿನಾ ಸ್ನಾನ ಆದ್ಮೇಲೆ ಭುಜಕ್ಕೆ ಎದೆಗೆ ಹಚ್ಚು, ದನಿ ಪಾತಾಳಕ್ಕೆ ಇಳಿಯುತ್ತೆ ಅಂದಿದ್ದ ಗೆಳೆಯ, ಟ್ಯೂಬಿನ ಮೇಲೆ ಇರುವೆಗಿಂತ ಸಣ್ಣ ಅಕ್ಷರದಲ್ಲಿ ಯಾವುದೋ ಪರದೇಶದ ಭಾಷೆ, ಓದಲಿಲ್ಲ, ನಾನು ಡೈಲಾಗ್ ಶೀಟ್ ಬಿಟ್ಟು ಬೇರೆ ಏನನ್ನೂ ಓದುವ ಗಿರಾಕಿಯಲ್ಲ. ಡಾಕ್ಟರು ಬರೆದುಕೊಟ್ಟಿರಲಿಲ್ಲ, ಯಾರೂ ಬರೆದುಕೊಟ್ಟಿರಲಿಲ್ಲ. ಹಚ್ಚಿದೆ, ತಣ್ಣಗಿತ್ತು, ಕನ್ನಡಿಯ ಮುಂದೆ ನಿಂತು ಬೀಗ ನಂದು ಅಂದೆ, ಎಷ್ಟು ಲೀಟರು ಅಂದಿತು ಕನ್ನಡಿ, ಇನ್ನೂ ಹಚ್ಚಿದೆ. ಸ್ಟುಡಿಯೋ ಕೆಲಸ ಸಂಜೆಗೆ, ಭಾವನದು ಊರೂರು ತಿರುಗುವ ಕೆಲಸ, ಅಕ್ಕ ಬೆಳಗ್ಗೆ ಆಫೀಸಿಗೆ ಹೊರಟರೆ ದೊರೆಯ ಸರ್ಕಾರ ಇಡೀ ಮಧ್ಯಾಹ್ನ ನನ್ನ ಸುಪರ್ದಿಗೆ. ಊಟವಾದ ಮೇಲೆ ಅವನಿಗೆ ಹಾಸಿಗೆ ಬೇಡ, ಮಾಮನ ಭುಜ ಬೇಕು, ತೋಳು ಚಾಚುತ್ತಿದ್ದ, ಎತ್ತಿಕೊಳ್ಳುತ್ತಿದ್ದೆ, ಸೆಖೆಗೆ ಮೈಮೇಲೆ ಬನಿಯನ್ನೂ ಇರುತ್ತಿರಲಿಲ್ಲ, ಅವನ ಕೆನ್ನೆ ನನ್ನ ಭುಜಕ್ಕೆ ಅಂಟಿ, ಬಾಯಿ ತೆರೆದು, ಜೊಲ್ಲು ಬೆನ್ನ ಮೇಲೆ ಇಳಿದು, ಆ ಭಾರ, ಇಡೀ ಪ್ರಪಂಚದಲ್ಲಿ ನನ್ನನ್ನು ಗುಂಪು ಅಂದುಕೊಳ್ಳದ ಒಂದೇ ಜೀವ, ಎದ್ದಾಗ ಸ್ಟಿಕ್ಕರಿನ ಹಾಗೆ ಬಿಡಿಸಬೇಕಾಗುತ್ತಿತ್ತು. ನನ್ನ ದನಿ ಕೂದಲೆಳೆಯಷ್ಟೂ ಇಳಿಯಲಿಲ್ಲ. ಅವನದು ಇಳಿಯಿತು. ಮೊದಲು ಒಂದು ಕರಕರ, ನೆಗಡಿ ಅಂದುಕೊಂಡೆವು, ನೆಗಡಿ ಹೋಯಿತು, ಕರಕರ ಉಳಿಯಿತು, ಒಂದು ದಿನ ಬಾತ್‌ರೂಮಿನ ಒಳಗಿಂದ ಬೀಗ ನಂದು ಅಂದ ನೋಡಿ, ಹೊರಗೆ ನಾನು ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡೆ, ವಿಡಿಯೋ ಮಾಡಿದೆ, ಸ್ಟುಡಿಯೋದಲ್ಲಿ ತೋರಿಸಿದೆ, ಸೌಂಡ್ ಇಂಜಿನಿಯರ್ ಅಣ್ಣ ಕಣ್ಣು ಬಿಟ್ಟ — ಇವನನ್ನ ಕರ್ಕೊಂಡು ಬಾರೋ, ನಿನ್ನ ಜಾಗಕ್ಕೆ ಹಾಕ್ತೀನಿ. ನನ್ನ ಟ್ರೈನಿಂಗ್ ಅಣ್ಣ ಅಂದೆ. ಎದೆಯುಬ್ಬಿಸಿ ಅಂದೆ. ಊರಿಗೆಲ್ಲ ಅಂದೆ.

ಆಮೇಲೆ ಅಕ್ಕ ಒಂದು ದಿನ ಅವನ ನೆತ್ತಿ ಮೂಸಿ ಹಾಗೇ ನಿಂತುಬಿಟ್ಟಳು, ಮಗುವಿನ ವಾಸನೆ ಹೋಗಿದೆ ಕಣೋ, ಬೆವರಿದ ಬಸ್ ಕಂಡಕ್ಟರ್ ಥರ ಬರ್ತಿದೆ ಅಂದಳು, ಹಾಗಾದ್ರೆ ಟಿಕೆಟ್ ತಗೋ ಅಕ್ಕ ಅಂದೆ ನಾನು, ಅಂದೆನಲ್ಲ, ಯಾವ ಬಾಯಲ್ಲಿ ಅಂದೆ. ಹಣೆ ಮೇಲೆ ಮೂಗಿನ ಪಕ್ಕ ಮೊಡವೆ ಎದ್ದವು, ಹೈಸ್ಕೂಲ್ ಹುಡುಗರಿಗೆ ಏಳುವಂಥವು, ಹೊಸ ಪ್ಯಾಂಟು ನೋಡನೋಡುತ್ತ ಮೊಣಕಾಲಿಗೆ ಬಂತು, ಮೇಲ್ತುಟಿಯ ಮೇಲೆ ನೆರಳು. ಬೀದಿ ಕೊನೆಯ ಲ್ಯಾಬಿನಲ್ಲಿ ಯಾವುದೋ ಪ್ಯಾಕೇಜು ಮಾಡಿಸಿದಳು, ಅದರಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಸಾಲಿನ ಎದುರು ದಪ್ಪ ಅಕ್ಷರದಲ್ಲಿ ಅಂಕಿ, ಬಾಣ ಮೇಲ್ಮುಖ. ಮಕ್ಕಳ ಹಾರ್ಮೋನಿನ ಡಾಕ್ಟರಮ್ಮನ ಹತ್ತಿರ ಹೋದೆವು, ಸಣ್ಣ ಆಳು, ದೊಡ್ಡ ಕನ್ನಡಕ, ರಿಪೋರ್ಟನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ಸರಿಸಿದಳು — ಇದನ್ನ ನಾನು ನಂಬಲ್ಲಮ್ಮ, ಸುಳ್ಳು ಅಂತಲ್ಲ, ಈ ಮೆಷಿನ್ನು ದೊಡ್ಡ ಗಂಡಸರಿಗೆ ಸಾಕು, ಮಕ್ಕಳಲ್ಲಿ ಇರೋದೇ ಚಿಟಿಕೆ, ಲಾರಿ ತೂಗೋ ಕಾಟಾದ ಮೇಲೆ ಮೂಗುತಿ ಇಟ್ಟ ಹಾಗೆ ಆಗುತ್ತೆ, ಅದರ ಜಾತಿಯ ಬೇರೆ ಹಾರ್ಮೋನನ್ನೂ ಅದೇ ಅಂತ ಲೆಕ್ಕ ಹಿಡಿಯುತ್ತೆ, ಮಾಸ್ ಸ್ಪೆಕ್ ಅಂತ ಇನ್ನೊಂದು ಬಗೆ ಇದೆ, ಅದು ಒಂದೊಂದೇ ಕಣವನ್ನ ತೂಕ ಹಾಕಿ ಗುರುತಿಸುತ್ತೆ, ಅದರಲ್ಲೇ ಆಗಬೇಕು, ಬೆಳಗ್ಗೇನೇ ರಕ್ತ ಕೊಡಬೇಕು, ಬೆಳಗ್ಗೆ ಜಾಸ್ತಿ ಇರುತ್ತೆ, ಸಂಜೆಗೆ ಇಳಿಯುತ್ತೆ. ಮಾಸ್ ಅಂದರೆ ನಮಗೆ ಗೊತ್ತಿರುವುದು ಮಾಸ್ ಎಂಟ್ರಿ ಡಾಕ್ಟ್ರೇ ಅಂದೆ, ನಕ್ಕಳು ಪಾಪ. ಮಣಿಕಟ್ಟಿನ ಎಕ್ಸ್‌ರೇ ದೀಪಕ್ಕೆ ಹಿಡಿದಾಗ ನಗು ನಿಂತಿತು, ಮೂಳೆ ನೋಡಿದ್ರೆ ಆರು ವರ್ಷ ದಾಟಿದ ಹಾಗಿದೆ, ಈಗ ಬೇಗ ಬೆಳೆದು ಆಮೇಲೆ ಬೇಗ ನಿಂತುಬಿಡುತ್ತೆ, ಕುಳ್ಳಾಗಿ ಉಳೀತಾನೆ, ಎಲ್ಲಿಂದ ಬರ್ತಿದೆ ಅಂತ ಹುಡುಕಬೇಕು, ಕಿಡ್ನಿ ಮೇಲೆ ಒಂದು ಗ್ರಂಥಿ ಇದೆ, ಅಲ್ಲಿ ಗಡ್ಡೆ ಗಿಡ್ಡೆ — ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು, ಉಗುರು ಇಳಿಯಿತು. ಅಲುಗಾಡದೆ ಮಲಗಬೇಕು, ಅದಕ್ಕೆ ಅರಿವಳಿಕೆ ಕೊಟ್ಟು ಸ್ಕ್ಯಾನ್ ಮಾಡ್ತೀವಿ. ಆ ಮಾತಿಗೆ ಅಕ್ಕ ಬಿಳುಚಿಕೊಂಡಳು, ಹೋದ ವರ್ಷ ಮೂಗಿಗೆ ಮಣಿ ತುರುಕಿಕೊಂಡಿದ್ದಾಗ ಹೀಗೇ ಅರಿವಳಿಕೆ ಕೊಟ್ಟು ಮಲಗಿಸಿ ತೆಗೆದಿದ್ದರು, ತೆಗೆದ ಮೇಲೆ ದೊರೆ ಏಳಲೇ ಇಲ್ಲ, ಎಷ್ಟೋ ಹೊತ್ತು ಏಳಲಿಲ್ಲ, ಜನ ಓಡಾಡತೊಡಗಿದರು, ಯಾರೋ ಬಾಗಿಲು ಹಾಕಿದರು, ಅವಳು ಹೊರಗೆ ಕೂತು ಅವನ ಒಂದು ಕಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಆ ಚಪ್ಪಲಿ, ಬೇಡ. ಆಗ ಡಾಕ್ಟರಮ್ಮ ಪೆನ್ನು ಮುಚ್ಚುತ್ತ ಕೇಳಿದಳು, ಮನೇಲಿ ಯಾರಾದ್ರೂ ಹಾರ್ಮೋನಿನ ಕ್ರೀಮು, ಜೆಲ್ಲು ಅಂಥದ್ದು ಹಚ್ಕೋತೀರಾ, ಮೈಗೆ ಮೈ ತಾಗಿದ್ರೆ ಮಕ್ಕಳಿಗೆ ಹೋಗುತ್ತೆ. ಅಕ್ಕ ನಕ್ಕುಬಿಟ್ಟಳು, ನಮ್ಮನೇಲಾ, ತಲೆಗೆ ಎಣ್ಣೆ ಹಚ್ಚೋದಕ್ಕೇ ಪುರುಸೊತ್ತಿಲ್ಲ ಡಾಕ್ಟ್ರೇ. ಡಾಕ್ಟರಮ್ಮ ನನ್ನ ಕಡೆ ತಿರುಗಿದಳು, ನೀವು? ನನ್ನ ಗಲ್ಲ ತೋರಿಸಿದೆ, ನಾಲ್ಕು ಕೂದಲು, ಹಚ್ಕೊಂಡಿದ್ರೆ ಹೀಗಿರ್ತಿತ್ತಾ ಡಾಕ್ಟ್ರೇ, ಅಂದೆ. ಮೂವರೂ ನಕ್ಕೆವು. ಟೈಮಿಂಗು ಅಂದರೆ ಅದು.

ಆಸ್ಪತ್ರೆಯ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಫೋನಿನಲ್ಲಿ ಆ ಜೆಲ್ಲಿನ ಬಗ್ಗೆ ಓದಿದೆ, ಜೀವಮಾನದಲ್ಲಿ ಮೊದಲ ಸಲ ಪೂರ್ತಿ ಓದಿದೆ, ಹಚ್ಚಿದ ಜಾಗ ಬಟ್ಟೆಯಿಂದ ಮುಚ್ಚಿ, ಕೈ ತೊಳೆಯಿರಿ, ಮಕ್ಕಳ ಮೈಗೆ ತಾಗಿಸಬೇಡಿ, ಎಲ್ಲ ಇತ್ತು, ಎಷ್ಟು ಚೆನ್ನಾಗಿ ಬರೆದಿದ್ದರು. ಹಚ್ಚುವುದು ನಿಲ್ಲಿಸಿದರೆ ಕೆಲವೇ ದಿನದಲ್ಲಿ ರಕ್ತದಿಂದ ಇಳಿದುಹೋಗುತ್ತದೆ ಅಂತಲೂ ಇತ್ತು, ಅದೊಂದು ಸಾಲು, ಆ ಸಾಲಿಗೆ ನೇತುಬಿದ್ದೆ. ಮನೆಗೆ ಬಂದವನೇ ಭುಜವನ್ನು ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದೆ, ಟ್ಯೂಬನ್ನು ಸ್ಟುಡಿಯೋದಿಂದ ತಂದಿಟ್ಟಿದ್ದ ಹಳೆಯ ಸ್ಪೀಕರ್ ಡಬ್ಬದೊಳಗೆ ತುರುಕಿದೆ, ಆಮೇಲೆ ತಲೆ ಓಡಿಸಿದೆ, ನನ್ನ ತಲೆ ಓಡಿದಾಗೆಲ್ಲ ಯಾರಾದರೂ ಬೀಳುತ್ತಾರೆ — ಮರುದಿನವೇ ರಕ್ತ ಕೊಟ್ಟರೆ ಇನ್ನೂ ಇರುತ್ತದೆ, ಸ್ವಲ್ಪ ತಡವಾದರೆ ಇಳಿದಿರುತ್ತದೆ, ಇಳಿದ ಅಂಕಿ ನೋಡಿದರೆ ಡಾಕ್ಟರಮ್ಮ ಅಯ್ಯೋ ಮೊದಲನೇ ಮೆಷಿನ್ನೇ ತಪ್ಪು ಅಂತಾಳೆ, ಎಲ್ಲರೂ ಮನೆಗೆ, ಶುಭಂ. ತಡ ಮಾಡುವುದು ಹೇಗೆ, ಅದಕ್ಕೆ ಗುಂಪು ಇದ್ದಾನಲ್ಲ, ಗುಂಪಿನಲ್ಲಿ ಒಬ್ಬಳು ಲ್ಯಾಬ್ ಮೇಡಂ ಇದ್ದಾಳಲ್ಲ. ಟೆರೇಸಿಗೆ ಹೋಗಿ, ಗೆಳೆಯನಿಂದ ಕೇಳಿ ತಂದ ಫೋನಿನಿಂದ ಅಕ್ಕನಿಗೆ, ಮೂಗು ಸ್ವಲ್ಪ ಹಿಡಿದುಕೊಂಡು, ನಮಸ್ತೆ ಮೇಡಂ, ಲ್ಯಾಬಿಂದ ಮಾತಾಡ್ತಿರೋದು, ಮಗುವಿಂದು ಟೆಸ್ಟಿತ್ತಲ್ಲ, ನಮ್ಮ ಮೆಷಿನ್ ರಿಪೇರಿಗೆ ಹೋಗಿದೆ, ಮುಂದಿನ ವಾರ ಕರ್ಕೊಂಡು ಬನ್ನಿ, ತೊಂದ್ರೆಗೆ ಕ್ಷಮಿಸಿ. ಅಕ್ಕ ಕೆಳಗೆ ಅಡುಗೆಮನೆಯಲ್ಲಿ, ನಾನು ಮೇಲೆ, ಮಧ್ಯೆ ಒಂದೇ ತಾರಸಿ. ಮೇಡಂ, ಸ್ವಲ್ಪ ಬೇಗ ಆಗಲ್ವಾ, ತುಂಬಾ ಭಯ ಆಗ್ತಿದೆ ಅಂದಳು ಅಕ್ಕ ಆ ಹೆಂಗಸಿಗೆ, ನನಗೆ ಯಾವತ್ತೂ ಅಂದಿಲ್ಲ ಹಾಗೆ, ನನ್ನ ಹತ್ತಿರ ಬೈಯುತ್ತಾಳೆ ಅಷ್ಟೇ, ಆ ಹೆಂಗಸಿನ ಹತ್ತಿರ ಅತ್ತಳು. ಆ ಹೆಂಗಸು ಏನೂ ಆಗಲ್ಲ ಮೇಡಂ, ಧೈರ್ಯವಾಗಿರಿ ಅಂದಳು. ಎಷ್ಟು ಚೆನ್ನಾಗಿ ಅಂದಳು.

ಟಿಂಗ್. ನಮ್ಮದು. ಕೌಂಟರಿಗೆ ನಾನೇ ಹೋಗ್ತೀನಿ ಅಕ್ಕ, ನೀನು ಕೂತಿರು, ಚೀಟಿ ಕೊಡು — ಕೌಂಟರಿನ ಗಾಜಿನ ಹಿಂದೆ ನನ್ನ ವಯಸ್ಸಿನವನೇ, ಕಿವಿಗೆ ಹೆಡ್‌ಸೆಟ್ಟು, ಕಣ್ಣು ಎತ್ತದೆ ಕೇಳುತ್ತಾನೆ, ಟೆಸ್ಟೋಸ್ಟೆರಾನ್, ಟೋಟಲ್ಲಾ ಫ್ರೀಯಾ? ಫ್ರೀ ಇದ್ರೆ ಫ್ರೀನೇ ಕೊಡಿ, ದುಡ್ಡು ಉಳಿಯುತ್ತೆ. ಈ ಜೋಕು ದಿನಾ ಬೆಳಗ್ಗೆ ಕೇಳ್ತೀನಿ ಸಾರ್, ಟೋಟಲ್ ಅಂದ್ರೆ ರಕ್ತದಲ್ಲಿ ಇರೋದೆಲ್ಲ ಸೇರಿ, ಫ್ರೀ ಅಂದ್ರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿ ಓಡಾಡೋದು, ನಿಮ್ಮ ಡಾಕ್ಟ್ರು ಟೋಟಲ್ ಬರೆದಿದಾರೆ, ಮಾಮೂಲಿ ಮಾಡ್ಸಿದ್ರೆ ಸಂಜೆಗೇ ರಿಪೋರ್ಟು, ಮಾಸ್ ಸ್ಪೆಕ್ ಆದ್ರೆ ತಡ ಆಗುತ್ತೆ, ಯಾವುದು ಹಾಕ್ಲಿ? ಯಾವುದು. ಮಾಮೂಲಿ ಮೆಷಿನ್ನು ಸಿಕ್ಕಿದ್ದನ್ನೆಲ್ಲ ಸೇರಿಸಿ ಲೆಕ್ಕ ಹಿಡಿಯುತ್ತದೆ, ಇಳಿದದ್ದನ್ನೂ ಏರಿಸಿ ತೋರಿಸಿಬಿಟ್ಟರೆ ನಾನು ಸತ್ತೆ, ಮಾಸ್ ಸ್ಪೆಕ್ಕು ನಿಜ ಹೇಳುತ್ತದೆ, ಈಗಿನ ನಿಜ ನನ್ನ ಕಡೆಗಿದೆ, ನಾನು ತೊಳೆದು ಒಣಗಿಸಿ ಇಟ್ಟಿರುವ ನಿಜ, ಗೆಲ್ಲುವ ಕುದುರೆಗೆ ಕಟ್ಟಬೇಕು — ಮಾಸ್ ಸ್ಪೆಕ್ಕೇ ಹಾಕಿ ಗುರು, ಮಗುವಿನ ವಿಷಯ, ಸರಿಯಾದ್ದೇ ಆಗ್ಲಿ ಅಂದೆ, ದನಿಯಲ್ಲಿ ಸ್ವಲ್ಪ ಗಾಂಭೀರ್ಯವೂ ಬಂತು. ಬೆನ್ನ ಹಿಂದೆ ಅಕ್ಕ ಬಂದು ನಿಂತಿದ್ದಳು, ದೊರೆ ಅವಳ ಸೊಂಟದ ಮೇಲೆ, ಕೇಳಿಸಿಕೊಂಡಿದ್ದಾಳೆ. ನೀನು ಇಲ್ದೇ ಇದ್ರೆ ನಂಗೆ ಇದೆಲ್ಲ ತಿಳೀತಾನೇ ಇರ್ಲಿಲ್ಲ ಕಣೋ ಅಂದಳು, ನನ್ನ ತಲೆಗೂದಲು ಕೆದರಿದಳು, ಅವಳ ಕೈ ತಣ್ಣಗಿತ್ತು, ಆಮೇಲೆ ಮೆಲ್ಲಗೆ, ನಿನ್ನೆ ಡಾಕ್ಟ್ರು ಫೋನ್ ಮಾಡಿದ್ರು, ನಾಳಿದ್ದು ಸ್ಕ್ಯಾನಿಗೆ ಹಾಕಿದಾರೆ. ರಿಪೋರ್ಟ್ ಬರೋದಕ್ಕೆ ಮುಂಚೇನಾ? ಬರ್ಲಿ ಬಿಡ್ಲಿ, ಕಮ್ಮಿ ಬಂದ್ರೂ ಬಿಡಲ್ಲ ಅಂದ್ರು, ಮೂಳೆ ಹಾಗೆ ಬೆಳೆದಿದೆ ಅಂದ್ರೆ ಎಲ್ಲಿಂದಲೋ ಬಂದಿರಲೇಬೇಕು, ಈಗಾಗ್ಲೇ ಒಂದು ವಾರ ಹಾಳಾಯ್ತು ಮೆಷಿನ್ ಕೆಟ್ಟು, ಇನ್ನು ಕಾಯಲ್ಲ ಅಂದ್ರು.

ಕಮ್ಮಿ ಬಂದರೂ ಬಿಡುವುದಿಲ್ಲ. ಕಮ್ಮಿ ಬಂದರೂ. ಹಾಗಾದರೆ ಆ ಅಷ್ಟು ದೊಡ್ಡ ಯಂತ್ರ, ಒಂದೊಂದೇ ಕಣ ತೂಗುವ ಯಂತ್ರ, ಒಂದು ಕೂದಲೂ ತಪ್ಪದ ಅಂಕಿ ಕೊಡುತ್ತದೆ, ಆ ಅಂಕಿಯಲ್ಲಿ ನಾನು ಇರುವುದಿಲ್ಲ, ಯಾರಿಗೂ ಏನೂ ತಿಳಿಯುವುದಿಲ್ಲ, ಅದಕ್ಕೇ ಗಡ್ಡೆ ಹುಡುಕುತ್ತಾರೆ, ಇಲ್ಲದ ಗಡ್ಡೆ, ಸಿಗದೆ ಇದ್ದರೆ ಇನ್ನೂ ಹುಡುಕುತ್ತಾರೆ, ಮಲಗಿಸಿ, ಆ ಬಾಗಿಲು ಹಾಕಿ, ಹೊರಗೆ ಅಕ್ಕ, ಕೈಯಲ್ಲಿ ಚಪ್ಪಲಿ — ಅಷ್ಟರಲ್ಲಿ ಅಕ್ಕ ಗಾಜಿನ ಕಡೆ ಬಾಗಿ ಕೇಳುತ್ತಿದ್ದಾಳೆ, ಕೇಳಬೇಡ ಅಕ್ಕ, ಕೇಳೇಬಿಟ್ಟಳು, ಹೋದ ವಾರ ನಿಮ್ಮ ಮೇಡಂ ಫೋನ್ ಮಾಡಿದ್ರು, ಮೆಷಿನ್ ರಿಪೇರಿ ಅಂತ, ಸರಿಹೋಯ್ತಲ್ಲ? ಹೆಡ್‌ಸೆಟ್ಟಿನವನು ಮೊದಲ ಸಲ ಕಣ್ಣೆತ್ತಿದ, ಯಾವ ಮೆಷಿನ್ನು ಮೇಡಂ? ಮಾಸ್ ಸ್ಪೆಕ್ಕು. ಅದು ನಮ್ಮಲ್ಲಿ ಎಲ್ಲಿದೆ, ನಾವು ರಕ್ತ ತಗೊಂಡು ಐಸ್ ಪೆಟ್ಟಿಗೇಲಿಟ್ಟು ದೊಡ್ಡ ಲ್ಯಾಬಿಗೆ ಕಳಿಸ್ತೀವಿ ಅಷ್ಟೇ, ಕೆಡೋದಕ್ಕೆ ನಮ್ಮ ಹತ್ರ ಅಂಥ ಮೆಷಿನ್ನೇ ಇಲ್ಲ, ಮತ್ತೆ ಇಲ್ಲಿ ಮೇಡಂ ಯಾರೂ ಫೋನ್ ಮಾಡಲ್ಲ, ಫೋನ್ ಮಾಡೋನು ನಾನೊಬ್ಬನೇ. ಅಕ್ಕ ಹುಬ್ಬು ಗಂಟಿಕ್ಕಿ, ಇಲ್ಲಪ್ಪ, ಹೆಂಗಸು, ತುಂಬಾ ಒಳ್ಳೆಯವರು, ಧೈರ್ಯ ಹೇಳಿದ್ರು, ಅಂದಳು. ನಾನು ಜಾಕೆಟ್ಟಿನ ಜಿಪ್ಪನ್ನು ಎಳೆದೆ, ಮೇಲೆ ಜಾಗವೇ ಇರಲಿಲ್ಲ, ಗಂಟಲಿಗೆ ಕಚ್ಚಿಕೊಂಡಿತು. ಬೇರೆ ಲ್ಯಾಬಿನವರು ಇರ್ಬೇಕು ಅಕ್ಕ, ನಡಿ, ಒಳಗೆ ಕರೀತಿದಾರೆ. ನಿಜವಾಗಿಯೂ ಕರೆಯುತ್ತಿದ್ದರು, ಪರದೆ ಸರಿಸಿ ಒಬ್ಬ ಹೆಂಗಸು, ರಕ್ತ ತೆಗೆಯುವವಳು, ಕನ್ನಡಕಕ್ಕೆ ದಾರ, ಬರ್ರಪ್ಪ ಬರ್ರಿ, ಯಾರು ಇವತ್ತಿನ ಹೀರೋ? ಹೀರೋ ಅಲ್ಲ, ವಿಲನ್ನು, ಅಂತ ಗುಡುಗಿದ ದೊರೆ, ಅವಳು ಒಂದು ಹೆಜ್ಜೆ ಹಿಂದೆ ಇಟ್ಟಳು, ಅಬ್ಬಾ, ಏನಪ್ಪಾ ಗಂಟಲು, ಲೌಡ್‌ಸ್ಪೀಕರ್ ನುಂಗಿದೀಯಾ?

ಸಣ್ಣ ಕೋಣೆ, ಒಂದು ಕುರ್ಚಿ, ಅದರ ತೋಳಿಗೆ ದಿಂಬು, ಟ್ರೇನಲ್ಲಿ ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳು, ಯಾರಾದ್ರೂ ತೊಡೆ ಮೇಲೆ ಕೂರಿಸ್ಕೊಂಡು ಕೈ ಗಟ್ಟಿ ಹಿಡೀರಿ ಅನ್ನುತ್ತಾಳೆ ಅವಳು. ಅಕ್ಕ ದೊರೆಯನ್ನು ನನ್ನ ಕಡೆ ನೀಡುತ್ತಾಳೆ, ನನ್ ಕೈಲಾಗಲ್ಲ, ನೀನು ಹಿಡ್ಕೋ, ನಿನ್ ಹತ್ರ ಆದ್ರೆ ಅವ್ನು ಅಳಲ್ಲ. ಬೇಡಕ್ಕ, ನಾನು. ಏನೋ ನೀನು, ವಾರದಿಂದ ನೋಡ್ತಿದೀನಿ, ಮಗು ಹತ್ರ ಬಂದ್ರೆ ಹಾವು ಕಂಡವರ ಥರ ಹಾರ್ತೀಯ, ಅವನಿಗೇನಾಗಿದೆ ಅಂತ ಅಸಹ್ಯನಾ, ಅಂಟೋ ಕಾಯಿಲೇನಾ ಅದು? ದೊರೆ ತೋಳು ಚಾಚಿದ್ದಾನೆ, ಎರಡೂ ತೋಳು, ಅಂಗೈ ಮೇಲಕ್ಕೆ, ನಾನು ಗೋಡೆಗೆ ಒತ್ತಿಕೊಂಡಿದ್ದೇನೆ, ಗೋಡೆ ಇನ್ನಷ್ಟು ಹಿಂದೆ ಹೋಗುವುದಿಲ್ಲ. ಕೊನೆಗೆ ಅಕ್ಕನೇ ಕೂತಳು, ತುಟಿ ಕಚ್ಚಿಕೊಂಡು, ಅವನನ್ನು ತೊಡೆಯ ಮೇಲೆ ಎಳೆದುಕೊಂಡಳು, ಆ ಹೆಂಗಸು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅವನ ಮೊಣಕೈ ಮಡಿಕೆಯನ್ನು ಒರೆಸಿದಳು, ದೊರೆ ಅಳುವುದಕ್ಕೆ ಬಾಯಿ ತೆರೆದವನು ನಿಲ್ಲಿಸಿದ, ಮೂಗು ಅರಳಿಸಿದ, ಬಗ್ಗಿ ತನ್ನ ಕೈಯನ್ನೇ ಮೂಸಿದ, ಮುಖವೆಲ್ಲ ಬ್ಯಾಟರಿ ಹಾಕಿದ ಹಾಗೆ ಬೆಳಗಿತು — ಅಮ್ಮಾ, ಮಾಮನ ವಾಸನೆ! ಹೌದು. ಜೆಲ್ಲು ಹಚ್ಚಿದಾಗ ಬರುವ ವಾಸನೆ, ಸ್ಪಿರಿಟ್ಟಿನದೇ, ಅವನು ನಿದ್ದೆ ಹೋಗುವ ಮೊದಲು ಮೂಗು ಒತ್ತಿಕೊಳ್ಳುತ್ತಿದ್ದದ್ದು ಅಲ್ಲಿಗೇ, ಅವನಿಗೆ ಅದು ನಿದ್ದೆಯ ವಾಸನೆ, ನನ್ನ ವಾಸನೆ, ನನಗೇ ಗೊತ್ತಿರಲಿಲ್ಲ. ಮಾಮಂದು ಭುಜ ಹೀಗೇ ಇರುತ್ತೆ ಅಮ್ಮ, ತಣ್ಣಗೆ, ಈಗ ಇಲ್ಲ, ಈಗ ಮಾಮ ಎತ್ಕೊಳ್ಳಲ್ಲ. ಅಕ್ಕ ತಲೆ ಎತ್ತಿದಳು. ರಕ್ತ ತೆಗೆಯುವವಳು ನಗುತ್ತ, ಸ್ಯಾನಿಟೈಸರ್ ಇರ್ಬೇಕು ಬಿಡಿ, ಈಗಿನ ಹುಡುಗ್ರು ಮೈಗೆಲ್ಲ ಬಳ್ಕೋತಾರೆ, ಅಂದಳು, ಸೂಜಿಯ ಮುಚ್ಚಳ ತೆಗೆಯುತ್ತ, ಎಷ್ಟು ಒಳ್ಳೆಯವಳು, ಡೈಲಾಗನ್ನು ಬರೆದು ಕೈಗೇ ಕೊಟ್ಟುಬಿಟ್ಟಳು, ಹೂಂ ಅಂದರೆ ಸಾಕು, ಒಂದೇ ಅಕ್ಷರ, ಗುಂಪಿನಲ್ಲಿ ನಿಂತು ಸಾವಿರ ಸಲ ಹೂಂ ಅಂದವನು ನಾನು.

ಸ್ಯಾನಿಟೈಸರ್ ಅಲ್ಲ ಅಂದೆ. ಯಾವ ದನಿಯಲ್ಲಿ ಅಂದೆನೋ, ತೆಳ್ಳಗೆ, ಹಾಲು ಹಾಕುವ ಹುಡುಗನ ದನಿಯಲ್ಲೇ ಇರಬೇಕು. ಟ್ರೈನಿಂಗ್ ಅಲ್ಲ ಅಕ್ಕ, ನಾನು ಅವನಿಗೆ ಯಾವ ಟ್ರೈನಿಂಗೂ ಕೊಟ್ಟಿಲ್ಲ, ಜೆಲ್ಲು, ಡಾಕ್ಟ್ರು ಕೇಳಿದ್ರಲ್ಲ ಆ ಜೆಲ್ಲು, ನನ್ನ ಭುಜಕ್ಕೆ, ದನಿಗೆ ಅಂತ, ದಿನಾ, ಅವನು ಅದರ ಮೇಲೇ ಮಲಗ್ತಿದ್ದ. ಸೂಜಿ ಗಾಳಿಯಲ್ಲಿ ನಿಂತಿತು. ಡಾಕ್ಟ್ರು ಕೇಳ್ದಾಗ ನೀನು, ಅಂದಳು ಅಕ್ಕ. ಜೋಕ್ ಮಾಡ್ದೆ. ಗೊತ್ತಿತ್ತಾ? ಆಗ್ಲೇ ಗೊತ್ತಾಯ್ತು, ಅದಕ್ಕೇ ತಡ ಮಾಡ್ಸಿದ್ದು, ರಕ್ತದಿಂದ ಹೋಗ್ಲಿ ಅಂತ, ಗಡ್ಡೆ ಇಲ್ಲ ಅಕ್ಕ ಅವ್ನಿಗೆ, ಸ್ಕ್ಯಾನ್ ಬೇಡ ಅಂತ ಹೇಳು, ಮಲಗಿಸ್ಬೇಡಿ ಅಂತ ಹೇಳು, ಈಗ್ಲೇ ಫೋನ್ ಮಾಡು. ಅವಳು ಫೋನು ತೆಗೆಯಲಿಲ್ಲ, ನನ್ನನ್ನೇ ನೋಡುತ್ತಿದ್ದಳು, ತಡ ಮಾಡ್ಸಿದ್ದಾ ಅಂದಳು, ಮೆಲ್ಲಗೆ, ಒಂದೊಂದೇ ಅಕ್ಷರ ಮುಟ್ಟಿ ನೋಡುವವರ ಹಾಗೆ, ಆ ಮೇಡಂ? ನಾನೇ ಅನ್ನಬೇಕಿತ್ತು, ಬಾಯಿ ತೆರೆದೆ, ನನ್ನ ದನಿ ಬರಲಿಲ್ಲ, ಬಂದದ್ದು ಅವಳದು, ಫೋನಿನ ಆ ಹೆಂಗಸಿನದು, ಕ್ಷಮಿಸಿ ಮೇಡಂ, ಅಷ್ಟು ಮೃದುವಾಗಿ, ಅಷ್ಟು ಚೆನ್ನಾಗಿ. ಅಕ್ಕ ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಬೀಳುತ್ತಿದ್ದೆ, ಬಿದ್ದು ಏಳುತ್ತಿದ್ದೆ. ಅವಳು ಸೆರಗಿನ ತುದಿ ಹಿಡಿದು ದೊರೆಯ ಕೆನ್ನೆಯನ್ನು ಒರೆಸತೊಡಗಿದಳು, ಎಡಗೆನ್ನೆ, ಮಲಗುವಾಗ ನನ್ನ ಭುಜಕ್ಕೆ ಒತ್ತುತ್ತಿದ್ದ ಕೆನ್ನೆ, ಅಲ್ಲಿ ಏನೂ ಇಲ್ಲ, ಎಷ್ಟೋ ದಿನವಾಯಿತು, ಆದರೂ ಒರೆಸುತ್ತಿದ್ದಾಳೆ, ಅವನ ಚರ್ಮ ಕೆಂಪಾಗುವವರೆಗೆ, ರಕ್ತ ತೆಗೆಯುವವಳು ಸೂಜಿ ಕೆಳಗಿಟ್ಟು ಸಾಕಮ್ಮ ಸಾಕು, ಮೊದ್ಲು ಡಾಕ್ಟ್ರಿಗೆ ಹೇಳೋಣ, ಅನ್ನುತ್ತಿದ್ದಾಳೆ, ಅಕ್ಕ ಎದ್ದಳು, ದೊರೆಯನ್ನು ಎದೆಗೆ ಅವುಚಿಕೊಂಡು ಬಾಗಿಲ ಕಡೆ ತಿರುಗಿದಳು, ಈಗ ಅವಳ ಬೆನ್ನು ನನ್ನ ಕಡೆ, ಅವಳ ಹೆಗಲ ಮೇಲಿಂದ ಅವನ ಮುಖ ನನ್ನ ಕಡೆ, ಅವನಿಗೆ ಏನೂ ಗೊತ್ತಾಗಿಲ್ಲ, ವಾರವೆಲ್ಲ ಕಾದವನು ಇನ್ನೂ ಕಾಯುತ್ತಿದ್ದಾನೆ, ಮಾಮ, ಎತ್ಕೋ, ನನ್ನಿಂದ ಬಂದ ಆ ದಪ್ಪ ದನಿಯಲ್ಲಿ, ಎರಡು ಸಣ್ಣ ತೋಳು, ಅಂಗೈ ಮೇಲಕ್ಕೆ, ಬೆರಳು ಕುಣಿಯುತ್ತ, ಪರದೆಯ ಸಂದಿಯಲ್ಲಿ, ಎರಡು ತೋಳು, ಚಾಚಿಕೊಂಡು, ಎರಡು ತೋಳು —